ಉತ್ತವನು ಒಬ್ಬ, ಪಹಣಿ ಇನ್ನೊಬ್ಬನ ಹೆಸರಲ್ಲಿ: ಜಾನ್ ಫೋಗರ್ಟಿಯ ಹಾಡುಗಳ ಲೆಕ್ಕ

1985ರಲ್ಲಿ ಅಮೆರಿಕದ ರಾಕ್ ಗಾಯಕ, ಗೀತರಚನೆಕಾರ ಜಾನ್ ಫೋಗರ್ಟಿಯ ಮೇಲೆ ಬಿದ್ದ ದಾವೆಯ ತಿರುಳು ಇಷ್ಟೇ: ಜಾನ್ ಫೋಗರ್ಟಿ ಬರೆದ ಹಾಡನ್ನು ಜಾನ್ ಫೋಗರ್ಟಿ ಕದ್ದಿದ್ದಾನೆ. ಕೇಳಿದವರು ನಕ್ಕರು. ಆದರೆ ಕಾನೂನಿನ ಕಣ್ಣಿನಲ್ಲಿ ಅದು ನಗುವ ವಿಷಯವಾಗಿರಲಿಲ್ಲ. ನ್ಯಾಯಾಲಯ ಆ ದಾವೆಯನ್ನು ತಲೆಬುಡವಿಲ್ಲದ್ದೆಂದು ತಳ್ಳಿಹಾಕಲಿಲ್ಲ. ವಿಚಾರಣೆ ಜ್ಯೂರಿಯ ಮುಂದೆ ಹೋಯಿತು, ಅದರ ಬಾಲಂಗೋಚಿಯಾದ ಖರ್ಚಿನ ತಕರಾರು ಸುಪ್ರೀಂ ಕೋರ್ಟಿನವರೆಗೂ ಏರಿತು.

ಫೋಗರ್ಟಿಯ ಬದುಕನ್ನು ಬರೀ ಹಿಟ್ ಹಾಡುಗಳ ಪಟ್ಟಿ ಮಾಡಿ ಓದಿದರೆ ಅರ್ಥವಾಗದ ಸಂಗತಿಗಳು ಬಹಳ. 1969ರ ಒಂದೇ ವರ್ಷದಲ್ಲಿ ಮೂರು ಆಲ್ಬಂ ತಂದವನು 1975ರ ನಂತರ ಒಂಬತ್ತು ವರ್ಷ ಒಂದೂ ಆಲ್ಬಂ ತರಲಿಲ್ಲ. ಲಕ್ಷಾಂತರ ಜನ ಗುನುಗುವ ಸ್ವಂತ ಹಾಡುಗಳನ್ನು ವೇದಿಕೆಯಲ್ಲಿ ಹಾಡಲು ಒಪ್ಪಲಿಲ್ಲ. ಇಪ್ಪತ್ತರ ಹರೆಯದ ಹಾಡುಗಳನ್ನೇ ಹೊಸದಾಗಿ ರೆಕಾರ್ಡ್ ಮಾಡಿ ಎಂಬತ್ತರ ವಯಸ್ಸಿನಲ್ಲಿ ಮಾರುಕಟ್ಟೆಗೆ ಬಿಟ್ಟ. ಯಾವ ವರ್ಷ ಯಾವ ಹಕ್ಕು ಯಾರ ಕೈಯಲ್ಲಿತ್ತು ಎಂದು ನೋಡಿದರೆ ಇವೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಒಂದು ಹಾಡಿನಲ್ಲಿ ನಾಲ್ಕು ಬಗೆಯ ಆಸ್ತಿ ಅಡಗಿದೆ. ಮೊದಲನೆಯದು ಸಾಹಿತ್ಯ ಮತ್ತು ರಾಗಸಂಯೋಜನೆ. ಉದ್ಯಮದಲ್ಲಿ ಇದನ್ನು ಪಬ್ಲಿಷಿಂಗ್ ಹಕ್ಕು ಎನ್ನುತ್ತಾರೆ. ಎರಡನೆಯದು ಸ್ಟುಡಿಯೋದಲ್ಲಿ ಮುದ್ರಿಸಿದ ಆ ನಿರ್ದಿಷ್ಟ ಧ್ವನಿ, ಅಂದರೆ ಮಾಸ್ಟರ್. ಮೂರನೆಯದು ಹಾಡಿದವರಿಗೆ ಮಾರಾಟದ ಮೇಲೆ ಬರುವ ಪಾಲು, ಕಲಾವಿದರ ರಾಯಲ್ಟಿ. ನಾಲ್ಕನೆಯದು ತಂಡದ ಹೆಸರು. ನಾಲ್ಕೂ ಬೇರೆಬೇರೆ ಕಾಗದ, ಬೇರೆಬೇರೆ ಒಡೆಯರು. ಕರ್ನಾಟಕದ ಭೂಸುಧಾರಣೆಯ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಹುಟ್ಟಿತಲ್ಲ, ಸಂಗೀತೋದ್ಯಮಕ್ಕೆ ಅದು ಕಾಲಿಡಲೇ ಇಲ್ಲ. ಅಲ್ಲಿ ಉಳುವವನು ಗೇಣಿದಾರ, ಪಹಣಿ ಕಂಪನಿಯ ಹೆಸರಿನಲ್ಲಿ. ಫೋಗರ್ಟಿಯ ವಿಷಯದಲ್ಲಿ ಹಾಡಿನ ಮಾಲೀಕತ್ವ ಮೊದಲಿನಿಂದಲೇ ಅವನ ಕೈಯಲ್ಲಿರಲಿಲ್ಲ, ಉಳಿದಿದ್ದ ರಾಯಲ್ಟಿಯನ್ನು ತಾನೇ ಬಿಟ್ಟುಕೊಟ್ಟ.

ಶಾಲೆಯ ಹುಡುಗರು

ಜಾನ್ ಫೋಗರ್ಟಿ ಹುಟ್ಟಿದ್ದು 1945ರ ಮೇ 28ರಂದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಬೆಳೆದದ್ದು ಪಕ್ಕದ ಎಲ್ ಸೆರಿಟೋದಲ್ಲಿ. ಸಹಪಾಠಿಗಳಾದ ಸ್ಟು ಕುಕ್, ಡಗ್ ಕ್ಲಿಫರ್ಡ್ ಜೊತೆ 1959ರಲ್ಲಿ ಬ್ಲೂ ವೆಲ್ವೆಟ್ಸ್ ಎಂಬ ತಂಡ ಕಟ್ಟಿದ. ಜಾನ್‌ನ ಅಣ್ಣ ಟಾಮ್ ಆಮೇಲೆ ಸೇರಿಕೊಂಡ. 1964ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಫ್ಯಾಂಟಸಿ ರೆಕಾರ್ಡ್ಸ್ ಇವರನ್ನು ಸೇರಿಸಿಕೊಂಡಿತು. ಅದು ಮುಖ್ಯವಾಗಿ ಜಾಜ್ ಕಂಪನಿ, ಸಣ್ಣದು. ತಂಡಕ್ಕೆ ಗಾಲಿವಾಗ್ಸ್ ಎಂಬ, ಹುಡುಗರಿಗೇ ನಾಚಿಕೆಯಾಗುವ ಹೆಸರನ್ನು ಅಂಟಿಸಿತು.

1966ರಲ್ಲಿ ಸೇನೆಯ ಕರೆ ಬಂತು. ಜಾನ್ ಮೀಸಲು ಪಡೆಗೆ ಸೇರಿ ವಿಯೆಟ್ನಾಂಗೆ ಹೋಗುವುದು ತಪ್ಪಿತು. 1967ರಲ್ಲಿ ಸಾಲ್ ಝಾಂಟ್ಸ್ ಎಂಬ ವ್ಯಕ್ತಿ ಕೆಲವು ಹೂಡಿಕೆದಾರರ ಜೊತೆಗೂಡಿ ಫ್ಯಾಂಟಸಿಯನ್ನು ಕೊಂಡ. ಮುಂದೆ ಚಿತ್ರ ನಿರ್ಮಾಪಕನಾಗಿ ಆಸ್ಕರ್ ಗೆದ್ದ ಝಾಂಟ್ಸ್ ಇವನೇ. 1968ರ ಆರಂಭದಲ್ಲಿ ತಂಡದ ಹೆಸರು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂದಾಯಿತು, ಜನರ ಬಾಯಲ್ಲಿ ಸಿಸಿಆರ್. ಅದೇ ಹೊತ್ತಿಗೆ ಹೊಸ ಕರಾರಿಗೂ ಸಹಿ ಬಿತ್ತು. ಇಪ್ಪತ್ತೆರಡರ ಹುಡುಗರು, ಎದುರಿಗೆ ಬೇರೆ ಕಂಪನಿಯಿಲ್ಲ.

ಮುಂದಿನ ನಾಲ್ಕೂವರೆ ವರ್ಷಗಳಲ್ಲಿ ಏಳು ಸ್ಟುಡಿಯೋ ಆಲ್ಬಂಗಳು ಬಂದವು. 1969ರಲ್ಲೇ ‘ಬೇಯೂ ಕಂಟ್ರಿ’, ‘ಗ್ರೀನ್ ರಿವರ್’, ‘ವಿಲ್ಲಿ ಅಂಡ್ ದ ಪೂರ್ ಬಾಯ್ಸ್’ ಮೂರೂ. 1970ರ ‘ಕಾಸ್ಮೋಸ್ ಫ್ಯಾಕ್ಟರಿ’ ಇವುಗಳ ಶಿಖರ. ಅಮೆರಿಕದಲ್ಲಿ ಬಿಡಿ ಹಾಡುಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ ಸಿಂಗಲ್ಸ್ ಪಟ್ಟಿಯಲ್ಲಿ ಐದು ಬಾರಿ ಎರಡನೇ ಸ್ಥಾನ, ಒಮ್ಮೆಯೂ ಮೊದಲನೆಯದಲ್ಲ. ಸ್ವಂತ ರಚನೆಗಳನ್ನು ಬಹುತೇಕ ಜಾನ್ ಒಬ್ಬನೇ ಬರೆಯುತ್ತಿದ್ದ, ಹಾಡುತ್ತಿದ್ದ, ನಿರ್ಮಾಣವನ್ನೂ ನೋಡಿಕೊಳ್ಳುತ್ತಿದ್ದ. ಇದು ತಂಡದ ಬಲವೂ ಹೌದು, ಒಡಕಿಗೆ ಮೂಲವೂ ಹೌದು. 1971ರ ಆರಂಭದಲ್ಲಿ ಟಾಮ್ ಹೊರನಡೆದ. ಉಳಿದ ಮೂವರೂ ಬರೆಯುವ, ಹಾಡುವ ಕೆಲಸ ಹಂಚಿಕೊಂಡ 1972ರ ‘ಮಾರ್ಡಿ ಗ್ರಾ’ ವಿಮರ್ಶಕರ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಂಡ ಮುಗಿಯಿತು.

ಆ ನಾದ ಎಲ್ಲಿಂದ ಬಂತು

ಕೇಸಿನ ತಿರುವು ಅರ್ಥವಾಗಬೇಕಾದರೆ ಫೋಗರ್ಟಿಯ ಶೈಲಿ ಏನೆಂದು ತಿಳಿದಿರಬೇಕು. ಲೂಸಿಯಾನಾದ ಜೌಗು ಪ್ರದೇಶದ ವಾಸನೆಯಿರುವ ಹಾಡುಗಳವು. ಬರೆದವನು ಮಾತ್ರ ಕ್ಯಾಲಿಫೋರ್ನಿಯಾದ ಮಧ್ಯಮವರ್ಗದ ಹುಡುಗ. ರೇಡಿಯೋದಲ್ಲಿ, ರೆಕಾರ್ಡುಗಳಲ್ಲಿ ಕೇಳಿದ ಬ್ಲೂಸ್ ಮತ್ತು ಹಳೆಯ ರಾಕ್ ಅಂಡ್ ರೋಲ್‌ನಿಂದ ಕಟ್ಟಿಕೊಂಡ ಊರು ಅದು. ಒಂದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಬಹಳ ಹೊತ್ತು ನಿಲ್ಲುವುದು, ಕೆಳ ತಂತಿಗಳ ಮೇಲೆ ಪುಟ್ಟ ರಿಫ್ ಒಂದನ್ನು ತಿರುತಿರುಗಿ ಬಾರಿಸುವುದು, ಆಂಪ್ಲಿಫೈಯರ್‌ನ ಟ್ರೆಮೊಲೊ ಹಾಕಿ ಶಬ್ದವನ್ನು ಅಲೆಯಲೆಯಾಗಿ ಏರಿಳಿಸುವುದು, ಅದರ ಮೇಲೆ ಗಂಟಲು ಕೆರೆದಂಥ ಕೂಗುದನಿ: ಇದು ಅವನ ಮುದ್ರೆ. ಬಳಸುತ್ತಿದ್ದದ್ದು ಕಸ್ಟಮ್ ಕಂಪನಿಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಗಿಟಾರುಗಳು ಗಿಬ್ಸನ್ ಪಿಕಪ್ ಕೂರಿಸಿದ ರಿಕನ್‌ಬ್ಯಾಕರ್ 325 ಮತ್ತು ಗಿಬ್ಸನ್ ಲೆಸ್ ಪಾಲ್ ಕಸ್ಟಮ್.

ಗಿಟಾರ್ ಕಲಿಯುವವರು ಎಡವುವ ಜಾಗ ಒಂದಿದೆ. ‘ಬ್ಯಾಡ್ ಮೂನ್ ರೈಸಿಂಗ್’ ಕಿವಿಗೆ ಕೇಳುವುದು ಡಿ, ಎ, ಜಿ ಕಾರ್ಡುಗಳಲ್ಲಿ. ಅವನ್ನೇ ಸಾಮಾನ್ಯ ಶ್ರುತಿಯಲ್ಲಿ ಬಾರಿಸಿದರೆ ಹಾಡು ಬಡಕಲಾಗುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಡಿ ಕಾರ್ಡಿಗೆ ದಕ್ಕುವುದು ನಾಲ್ಕೇ ತಂತಿ, ಕೆಳಗಿನ ಆಧಾರ ಸ್ವರ ಇರುವುದೇ ಇಲ್ಲ. ಫೋಗರ್ಟಿ ಆರೂ ತಂತಿಗಳನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿ, ಡಿ-ಜಿ-ಸಿ-ಎಫ್-ಎ-ಡಿ ಮಾಡಿಕೊಂಡು ಇ, ಬಿ, ಎ ಆಕಾರಗಳನ್ನು ಹಿಡಿಯುತ್ತಾನೆ. ಇ ಆಕಾರ ಹಿಡಿದಾಗ ಆರೂ ತಂತಿ ನುಡಿದು ಡಿ ಕಾರ್ಡ್ ಹೊರಡುತ್ತದೆ, ತಳದಲ್ಲಿ ದಪ್ಪನೆಯ ಡಿ. ಗಿಟಾರಿನ ಕುತ್ತಿಗೆಗೆ ಬಿಗಿಯುವ ಕ್ಲಿಪ್ಪಾದ ಕ್ಯಾಪೋ ಶ್ರುತಿಯನ್ನು ಏರಿಸಬಲ್ಲದು, ಇಳಿಸಲಾರದು. ಹಾಗಾಗಿ ಇಲ್ಲಿ ಅದು ಕೆಲಸಕ್ಕೆ ಬಾರದು.

ಬರೀ ತಂತಿ ಬಿಗಿಯುವ ತಿರುಪು ತಿರುಗಿಸಿ ಇಳಿಸಿದರೆ ಇನ್ನೊಂದು ತೊಂದರೆ. ಪೂರ್ಣ ಸ್ವರ ಇಳಿದಾಗ ತಂತಿಯ ಬಿಗಿತ ಸುಮಾರು ಶೇ 20ರಷ್ಟು ಕಡಿಮೆಯಾಗುತ್ತದೆ. ತಂತಿ ಸಡಿಲವಾಗಿ ಫ್ರೆಟ್‌ಗೆ ಬಡಿದು ಗರಗರ ಎನ್ನುತ್ತದೆ, ಬೆರಳು ತುಸು ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. 10ರ ಸೆಟ್ (ಅತಿ ತೆಳುವಾದ ತಂತಿ 0.010 ಇಂಚು) ಬದಲು ತುಸು ದಪ್ಪನೆಯ 11ರ ಸೆಟ್ ಹಾಕಿದರೆ ಮೊದಲಿನ ಬಿಗಿತದ ಸುಮಾರು ಶೇ 96 ಮರಳಿ ಸಿಗುತ್ತದೆ. ಬಿಗಿತ ಬದಲಾದಾಗ ಗಿಟಾರಿನ ಕುತ್ತಿಗೆಯೂ ಸ್ವಲ್ಪ ಅಲುಗುವುದರಿಂದ ಆರೂ ತಂತಿ ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ಶ್ರುತಿ ನೋಡಬೇಕು.

ಸಹಿ ಹಾಕಿದ ಕಾಗದ

ಕರಾರಿನ ಪ್ರಕಾರ ಮಾಸ್ಟರ್ ಫ್ಯಾಂಟಸಿಯದು. ಆ ಕಾಲಕ್ಕೆ ಅದು ಎಲ್ಲ ಕಡೆ ನಡೆಯುತ್ತಿದ್ದದ್ದೇ. ಹಾಡುಗಳ ಪಬ್ಲಿಷಿಂಗ್ ಕೂಡ ಕಂಪನಿಯ ಕಡೆಗೇ ಹೋಯಿತು. ಸಿಸಿಆರ್ ರೆಕಾರ್ಡಿನ ಲೇಬಲ್ ಮೇಲೆ ಗೀತೆಯ ಪ್ರಕಾಶಕರಾಗಿ ಕಾಣುವ ‘ಜೋಂಡೋರಾ ಮ್ಯೂಸಿಕ್’ ಫ್ಯಾಂಟಸಿಯದೇ ಕೂಸು.

ಹಣದಲ್ಲಿ ಇದರ ಅರ್ಥವೇನು? ಅಮೆರಿಕದಲ್ಲಿ 1909ರಿಂದ 1978ರವರೆಗೆ ಒಂದು ಹಾಡಿನ ಒಂದು ಪ್ರತಿಗೆ ಕಾನೂನು ಗೊತ್ತುಮಾಡಿದ್ದ ದರ 2 ಸೆಂಟ್. ಸುಮಾರು ಎಪ್ಪತ್ತು ವರ್ಷ ಅದು ಕದಲಲೇ ಇಲ್ಲ. ಹತ್ತು ಲಕ್ಷ ಪ್ರತಿ ಮಾರಾಟವಾದರೆ ಒಂದು ಹಾಡಿಗೆ ಹೆಚ್ಚೆಂದರೆ 20,000 ಡಾಲರ್. ವಾಡಿಕೆಯಂತೆ ಅರ್ಧ ಪ್ರಕಾಶಕರಿಗೆ, ಅರ್ಧ ಬರೆದವರಿಗೆ. ಬರೆದವನೇ ಪ್ರಕಾಶಕನೂ ಆಗಿದ್ದರೆ ಎರಡೂ ಅರ್ಧ ಅವನದೇ. ಟೀನಾ ಟರ್ನರ್ 1971ರಲ್ಲಿ ಗಂಡ ಐಕ್ ಜೊತೆ, ಜಾನ್ ಬರೆದ ಸಿಸಿಆರ್ ಹಾಡು ‘ಪ್ರೌಡ್ ಮೇರಿ’ಯನ್ನು ಹಾಡಿ ಬಿಲ್‌ಬೋರ್ಡ್ ನಾಲ್ಕನೇ ಸ್ಥಾನಕ್ಕೆ ಒಯ್ದಾಗಲೂ ಈ ಲೆಕ್ಕವೇ: ಸಿಸಿಆರ್‌ನ ಉಳಿದ ಮೂವರಿಗೆ ಚಿಕ್ಕಾಸೂ ಇಲ್ಲ, ಪ್ರಕಾಶಕರಿಗೆ ಅರ್ಧ, ಜಾನ್‌ಗೆ ಅರ್ಧ. ಅಮೆರಿಕದ ಸಾಮಾನ್ಯ ರೇಡಿಯೋ ಕೇಂದ್ರಗಳು ಇವತ್ತಿಗೂ ಹಾಡಿದವರಿಗೆ, ಮಾಸ್ಟರ್ ಮಾಲೀಕರಿಗೆ ಏನನ್ನೂ ಕೊಡುವುದಿಲ್ಲ. ಕೊಡುವುದು ರಚನೆಗೆ ಮಾತ್ರ. ಬ್ಯಾಂಡ್‌ಗಳಲ್ಲಿ ಬರೆಯುವವನ ಮನೆ ದೊಡ್ಡದಾಗಿ, ಡ್ರಮ್ ಬಾರಿಸುವವನದು ಚಿಕ್ಕದಾಗಿ ಉಳಿಯುವುದಕ್ಕೆ, ಆಮೇಲೆ ಮುಖಮುಖ ನೋಡದಂಥ ಜಗಳವಾಗುವುದಕ್ಕೆ ಇದೊಂದು ದೊಡ್ಡ ಕಾರಣ.

ದುಡ್ಡಿಗಿಂತ ದೊಡ್ಡ ನಷ್ಟ ಅಧಿಕಾರದ್ದು. ಹಾಡನ್ನು ಜಾಹೀರಾತಿಗೆ, ಸಿನಿಮಾಕ್ಕೆ ಕೊಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ಪಬ್ಲಿಷಿಂಗ್ ಮತ್ತು ಮಾಸ್ಟರ್ ಹಿಡಿದವರು. ಬರೆದವನ ಅಭಿಪ್ರಾಯವನ್ನು ಕೇಳಲೇಬೇಕೆಂದಿಲ್ಲ.

ಕರಾರಿನಲ್ಲಿ ಇನ್ನೊಂದು ಗಂಟೂ ಇತ್ತು. ವರ್ಷಕ್ಕೆ ಇಷ್ಟು ಮಾಸ್ಟರ್ ಕೊಡಬೇಕೆಂಬ ಬಾಕಿ ತಂಡ ಒಡೆದರೂ ಜಾನ್‌ನ ತಲೆಯ ಮೇಲೆ ಉಳಿಯಿತು. ಉಳಿದವರನ್ನು ಕಂಪನಿ ಬಿಟ್ಟಿತು, ಹಾಡು ಹುಟ್ಟಿಸುವವನನ್ನು ಹಿಡಿದುಕೊಂಡಿತು. 1973ರಲ್ಲಿ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ‘ಬ್ಲೂ ರಿಡ್ಜ್ ರೇಂಜರ್ಸ್’ ಎಂಬ ಹೆಸರಿನಲ್ಲಿ ಬೇರೆಯವರ ಹಾಡುಗಳ ಆಲ್ಬಂ ತಂದ. ಮುಂದೆ ಡೇವಿಡ್ ಗೆಫೆನ್‌ನ ಅಸೈಲಮ್ ಕಂಪನಿ 10 ಲಕ್ಷ ಡಾಲರ್ ಕೊಟ್ಟು ಉತ್ತರ ಅಮೆರಿಕದ ಮಟ್ಟಿಗೆ ಅವನನ್ನು ಬಿಡಿಸಿಕೊಂಡಿತು. 1975ರಲ್ಲಿ ಒಂದು ಆಲ್ಬಂ ಬಂತು. 1976ರ ‘ಹೂಡೂ’ ಬಿಡುಗಡೆಗೆ ಮೊದಲೇ ಮೂಲೆ ಸೇರಿತು.

ಉಳಿತಾಯದ ಗತಿಯೂ ಇದೇ. ತೆರಿಗೆ ತಪ್ಪಿಸುವ ಯೋಜನೆಯೆಂದು ತಂಡದ ಹಣವನ್ನು ಬಹಾಮಾಸ್‌ನ ಕ್ಯಾಸಲ್ ಬ್ಯಾಂಕ್ ಅಂಡ್ ಟ್ರಸ್ಟ್‌ನಲ್ಲಿ ಇಡಲಾಗಿತ್ತು. 1977ರಲ್ಲಿ ಬ್ಯಾಂಕ್ ಮುಳುಗಿತು, ಹಣವೂ ಹೋಯಿತು. ವರ್ಷಗಟ್ಟಲೆ ಕೋರ್ಟು ಕಚೇರಿ ಶುರುವಾಯಿತು. ಇಷ್ಟಾದ ಮೇಲೆ ಫ್ಯಾಂಟಸಿಯಿಂದ ಪೂರ್ತಿ ಕಳಚಿಕೊಳ್ಳಲು ಫೋಗರ್ಟಿ ತೆತ್ತ ಬೆಲೆ ಸಿಸಿಆರ್ ರೆಕಾರ್ಡುಗಳ ಮೇಲಿನ ತನ್ನ ಕಲಾವಿದರ ರಾಯಲ್ಟಿ. ಹುಚ್ಚು ವ್ಯಾಪಾರ ಎನಿಸಬಹುದು. ಆದರೆ ಬಾಕಿ ಮಾಸ್ಟರ್‌ಗಳ ಲೆಕ್ಕ ಮುಗಿಯದೆ ಬರೆಯುವ ಪ್ರತಿ ಹೊಸ ಹಾಡೂ ಅದೇ ಕಂಪನಿಯ ಪಾಲಾಗುತ್ತಿತ್ತು ಎಂಬುದನ್ನು ನೆನೆದರೆ, ಹಳೆಯದನ್ನು ಬಿಟ್ಟು ಮುಂದಿನದನ್ನು ಉಳಿಸಿಕೊಂಡದ್ದು ಲೆಕ್ಕಾಚಾರದ ನಡೆಯೇ.

ಹಂದಿ, ಮುದುಕ ಮತ್ತು ಕಾಡು

1985ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಮೂಲಕ ‘ಸೆಂಟರ್‌ಫೀಲ್ಡ್’ ಬಂತು. ಇದರಲ್ಲೂ ಎಲ್ಲ ವಾದ್ಯ ಅವನದೇ. ಆಲ್ಬಂ ಬಿಲ್‌ಬೋರ್ಡ್ ಮೊದಲ ಸ್ಥಾನಕ್ಕೆ ಏರಿತು. ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಮೊದಲ ಹತ್ತರೊಳಗೆ ಬಂತು. ಆಲ್ಬಂನ ಕೊನೆಯ ಹಾಡು ‘ಝಾಂಝ್ ಕಾಂಟ್ ಡಾಂಝ್’. ಅದರಲ್ಲೊಂದು ಹಂದಿ; ಕುಣಿಯಲು ಬಾರದು, ಜೇಬು ಕತ್ತರಿಸಲು ಚೆನ್ನಾಗಿ ಬರುತ್ತದೆ. ಹೆಸರು ಯಾರದ್ದನ್ನು ಹೋಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಾಲ್ ಝಾಂಟ್ಸ್ 14.4 ಕೋಟಿ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿದ. ಮುಂದಿನ ಮುದ್ರಣಗಳಲ್ಲಿ ಹಂದಿಯ ಹೆಸರು ‘ವಾಂಝ್’ ಆಯಿತು; ಆ ಕೇಸು ಕೋರ್ಟಿನ ಹೊರಗೆ ಇತ್ಯರ್ಥವಾಯಿತು.

ಇತಿಹಾಸದಲ್ಲಿ ಉಳಿದದ್ದು ಎರಡನೇ ಕೇಸು. ‘ದಿ ಓಲ್ಡ್ ಮ್ಯಾನ್…’ ಎಂಬುದು 1970ರ ‘ರನ್ ಥ್ರೂ ದ ಜಂಗಲ್’ಗೆ ಹೊಸ ಸಾಹಿತ್ಯ ತೊಡಿಸಿದ್ದು ಎಂದು ಫ್ಯಾಂಟಸಿ ವಾದಿಸಿತು. ಹಳೆಯ ಹಾಡಿನ ಪಬ್ಲಿಷಿಂಗ್ ಫ್ಯಾಂಟಸಿಯದು, ಹೊಸದರದ್ದು ಅಲ್ಲ. ಅಲ್ಲಿಗೆ ಬರೆದವನು ಒಬ್ಬನೇ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹಕ್ಕು ಮಾರಿದ ಮೇಲೆ ಬರೆದವನೂ ಕಾನೂನಿಗೆ ಹೊರಗಿನವನೇ.

ಇಂಥ ಕೇಸಿನಲ್ಲಿ ದಾವೆ ಹೂಡಿದವರು ಎರಡು ತೋರಿಸಬೇಕು: ಪ್ರತಿವಾದಿಗೆ ಮೂಲ ಹಾಡಿನ ಪರಿಚಯವಿತ್ತು, ಮತ್ತು ರಕ್ಷಿತ ಅಂಶಗಳಲ್ಲಿ ಗಣನೀಯ ಹೋಲಿಕೆಯಿದೆ. ಮೊದಲನೆಯದಕ್ಕೆ ಸಾಕ್ಷಿ ಬೇಕಿರಲಿಲ್ಲ, ಬರೆದವನೇ ಕಟಕಟೆಯಲ್ಲಿದ್ದ. ಎರಡನೆಯದರಲ್ಲಿ ‘ರಕ್ಷಿತ’ ಎಂಬ ಪದವೇ ಮುಖ್ಯ. ರಾಗದ ಎಳೆ, ಅದರ ನಿರ್ದಿಷ್ಟ ಜೋಡಣೆ ರಕ್ಷಿತ. ಶೈಲಿ, ಬ್ಲೂಸ್ ಪರಂಪರೆಯ ಹಂಚಿಕೆಯ ಸರಕು, ಲಯದ ಬಗೆ ರಕ್ಷಿತವಲ್ಲ. ‘ರನ್ ಥ್ರೂ ದ ಜಂಗಲ್’ನಲ್ಲಿ ಮೊದಲಿನಿಂದ ಕೊನೆಯವರೆಗೆ ಕಾರ್ಡ್ ಬದಲಾಗುವುದೇ ಇಲ್ಲ. ಹೊಸ ಹಾಡೂ ಅದೇ ಜೌಗಿನ ಗುಂಗಿನಲ್ಲಿ ಸುತ್ತುತ್ತದೆ. ಮೇಲುಮೇಲೆ ಕೇಳಿದರೆ ಎರಡೂ ಒಂದೇ ಮನೆಯವು ಎನಿಸುವುದು ಸಹಜ. (ಜಂಗಲ್ ಎಂದರೆ ವಿಯೆಟ್ನಾಂ ಎಂದು ಬಹಳ ಜನ ನಂಬಿದ್ದಾರೆ. ಫೋಗರ್ಟಿ ಬರೆದದ್ದು ಅಮೆರಿಕದಲ್ಲಿ ಮನೆಮನೆಗೂ ಬಂದೂಕು ತುಂಬಿದ ಬಗ್ಗೆ.)

1988ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಫೆಡರಲ್ ಕೋರ್ಟಿನಲ್ಲಿ ಫೋಗರ್ಟಿ ಸಾಕ್ಷಿಕಟ್ಟೆಗೆ ಗಿಟಾರ್ ತಂದ. ಎರಡೂ ಹಾಡುಗಳನ್ನು ಬಾರಿಸಿ, ತಾನು ಹಾಡು ಕಟ್ಟುವ ರೀತಿಯನ್ನು ಬಿಡಿಸಿ ತೋರಿಸಿದ. ವಾದ ಸರಳ: ಇದು ನನ್ನ ಕೈಬರಹ, ಹಾಡು ಬೇರೆ. ನವೆಂಬರ್ 7ರಂದು ಜ್ಯೂರಿ ಅವನ ಪರ ತೀರ್ಪು ಕೊಟ್ಟಿತು. ಸೋತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಕರಾರು ಮುರಿದು ಹೊರಬಂದ ಯಾವ ರಚನೆಕಾರನೂ ತನ್ನದೇ ಶೈಲಿಯಲ್ಲಿ ಮತ್ತೆ ಬರೆಯುವಂತಿರುತ್ತಿರಲಿಲ್ಲ.

ಗೆದ್ದರೂ ವಕೀಲರ ಖರ್ಚು ಮೈಮೇಲೆಯೇ ಇತ್ತು. ಅಮೆರಿಕದಲ್ಲಿ ಸಾಮಾನ್ಯವಾಗಿ ಅವರವರ ವಕೀಲರ ಶುಲ್ಕ ಅವರವರದೇ. ಹಕ್ಕುಸ್ವಾಮ್ಯ ಕಾಯ್ದೆಯ 505ನೇ ಸೆಕ್ಷನ್ ಮಾತ್ರ ಗೆದ್ದವರಿಗೆ ಶುಲ್ಕ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಆದರೆ ಆ ಭಾಗದ ಕೋರ್ಟುಗಳು ಎರಡು ಅಳತೆಗೋಲು ಇಟ್ಟುಕೊಂಡಿದ್ದವು. ಹಕ್ಕುದಾರ ಗೆದ್ದರೆ ಶುಲ್ಕ ಸಲೀಸಾಗಿ ಸಿಗುತ್ತಿತ್ತು. ಆರೋಪಿತ ಗೆದ್ದರೆ, ಕೇಸು ಹುರುಳಿಲ್ಲದ್ದು ಇಲ್ಲವೇ ದುರುದ್ದೇಶದ್ದು ಎಂದು ತೋರಿಸಬೇಕಿತ್ತು. ಫ್ಯಾಂಟಸಿಯ ಕೇಸು ಹಾಗಿರಲಿಲ್ಲವೆಂದು ಅರ್ಜಿ ವಜಾ ಆಯಿತು.

1994ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಫಲಿತಾಂಶದ ಬಗ್ಗೆ ಒಂಬತ್ತೂ ಮಂದಿಗೆ ಒಮ್ಮತ. ಎರಡೂ ಕಡೆಯವರನ್ನು ಒಂದೇ ಅಳತೆಯಿಂದ ಅಳೆಯಬೇಕು ಎಂಬುದು ಸಾರ. ಕಾರಣ ಚೆನ್ನಾಗಿದೆ: ಹಕ್ಕುಸ್ವಾಮ್ಯದ ಗುರಿ ಸಾರ್ವಜನಿಕರಿಗೆ ಹೊಸ ಕೃತಿಗಳು ಸಿಗುವುದು, ಅದಕ್ಕೆ ಗಡಿ ಸ್ಪಷ್ಟವಾಗಬೇಕು. ಸುಳ್ಳು ಆರೋಪವನ್ನು ಎದುರಿಸಿ ಗೆದ್ದವನೂ ಆ ಗಡಿಯನ್ನು ಸ್ಪಷ್ಟಪಡಿಸಿದ್ದಾನೆ. ಹಾಗೆಂದು ಗೆದ್ದವರಿಗೆಲ್ಲ ಶುಲ್ಕ ತಾನಾಗಿ ಸಿಗುವುದೂ ಇಲ್ಲ. ಪ್ರಕರಣ ಕೆಳಗೆ ಮರಳಿದಾಗ ಫೋಗರ್ಟಿಗೆ ಸಿಕ್ಕಿದ್ದು 13,47,519 ಡಾಲರ್. 1996ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇವತ್ತು ಅಮೆರಿಕದಲ್ಲಿ ಹಾಡು ಕದ್ದ ಆರೋಪದ ಕೇಸುಗಳಲ್ಲಿ ಶುಲ್ಕದ ಮಾತು ಬಂದಾಗಲೆಲ್ಲ ವಕೀಲರು ಎತ್ತುವ ಹೆಸರು ‘ಫೋಗರ್ಟಿ’.

ಹಾಡಬಾರದು ಅಂತ ಯಾರೂ ಹೇಳಿರಲಿಲ್ಲ

ಸಿಸಿಆರ್ ಹಾಡುಗಳನ್ನು ಹಾಡದಂತೆ ಫೋಗರ್ಟಿಗೆ ಕಾನೂನು ತಡೆಯಿತ್ತು ಎಂದು ಹಲವರು ಬರೆಯುತ್ತಾರೆ. ತಪ್ಪು. ವೇದಿಕೆಯಲ್ಲಿ ಯಾರು ಯಾರ ಹಾಡನ್ನಾದರೂ ಹಾಡಬಹುದು. ಸಭಾಂಗಣದವರು ಹಕ್ಕು ಸಂಘಗಳಿಗೆ ಕಟ್ಟುವ ಪರವಾನಗಿ ಶುಲ್ಕದಲ್ಲೇ ಅದು ಮುಗಿಯುತ್ತದೆ. ಹಾಡಿದಷ್ಟೂ ಝಾಂಟ್ಸ್‌ಗೆ ದುಡ್ಡು ಎಂಬ ಸಿಟ್ಟಿನಿಂದ ಅವನೇ ಬಾಯಿಗೆ ಬೀಗ ಹಾಕಿಕೊಂಡಿದ್ದ. 1986ರ ಪ್ರವಾಸದಲ್ಲಿ ಜನ ಹಳೆಯ ಹಾಡು ಕೇಳಿ ಕೂಗಿದರೂ ಹಾಡಲಿಲ್ಲ. 1987ರ ಫೆಬ್ರವರಿಯಲ್ಲಿ ಪಾಲೊಮಿನೊ ಕ್ಲಬ್‌ನಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆ ವೇದಿಕೆಯಲ್ಲಿದ್ದಾಗ, ನೀನು ಹಾಡದಿದ್ದರೆ ‘ಪ್ರೌಡ್ ಮೇರಿ’ ಟೀನಾ ಟರ್ನರ್ ಹಾಡು ಅಂತಲೇ ಜನ ತಿಳಿಯುತ್ತಾರೆ ಎಂಬರ್ಥದ ಮಾತನ್ನು ಡಿಲನ್ ಹೇಳಿದ. ಆ ರಾತ್ರಿ ಹಾಡಿದ. ಜುಲೈನಲ್ಲಿ ವಾಷಿಂಗ್ಟನ್ ಬಳಿ ನಡೆದ ವಿಯೆಟ್ನಾಂ ಯೋಧರ ಕಾರ್ಯಕ್ರಮದಲ್ಲಿ ಮತ್ತೆ ಹಾಡಿದ.

ಉಳಿದ ಜಗಳಗಳು ಅಷ್ಟು ಬೇಗ ಮುಗಿಯಲಿಲ್ಲ. ಟಾಮ್ 1990ರಲ್ಲಿ ತೀರಿಕೊಂಡ, ಅಣ್ಣತಮ್ಮಂದಿರ ಮಧ್ಯೆ ರಾಜಿಯಾಗದೆಯೇ. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವದ ದಿನ ಜಾನ್ ಕುಕ್, ಕ್ಲಿಫರ್ಡ್ ಜೊತೆ ನುಡಿಸಲು ಒಪ್ಪದೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ರಾಬಿ ರಾಬರ್ಟ್‌ಸನ್ ಜೊತೆ ನುಡಿಸಿದ. 1995ರಲ್ಲಿ ಆ ಇಬ್ಬರೂ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್’ ಎಂದು ಹೊಸ ತಂಡ ಕಟ್ಟಿದಾಗ ಜಾನ್ ಹೆಸರಿಗಾಗಿ ಕೋರ್ಟಿಗೆ ಹೋದ. ಸ್ವಲ್ಪ ಕಾಲ ಅವರು ಬೇರೆ ಹೆಸರಿನಲ್ಲಿ ನುಡಿಸಬೇಕಾಯಿತು, ಆಮೇಲೆ ಹಳೆಯ ಹೆಸರಿಗೇ ಮರಳಿದರು.

ನಡುವೆ ಒಂದು ಒಳ್ಳೆಯ ಕೆಲಸವೂ ನಡೆಯಿತು. ವರ್ಷಗಟ್ಟಲೆ ತಿದ್ದಿತೀಡಿದ ‘ಬ್ಲೂ ಮೂನ್ ಸ್ವಾಂಪ್’ 1997ರಲ್ಲಿ ಬಂದು ಮುಂದಿನ ವರ್ಷ ಅತ್ಯುತ್ತಮ ರಾಕ್ ಆಲ್ಬಂ ಗ್ರ್ಯಾಮಿ ಗಳಿಸಿತು. ಸಿಸಿಆರ್ ನಂತರದ ಫೋಗರ್ಟಿಯನ್ನು ಒಂದೇ ಆಲ್ಬಂನಲ್ಲಿ ಕೇಳುವುದಾದರೆ ಇದನ್ನೇ ಕೇಳಬೇಕು, ‘ಸೆಂಟರ್‌ಫೀಲ್ಡ್’ ಅನ್ನಲ್ಲ. ಎಂಬತ್ತರ ದಶಕದ ಡ್ರಮ್ ಶಬ್ದ ಅದನ್ನು ಬೇಗ ಹಳೆಯದಾಗಿಸಿದೆ.

ಅಧಿಕಾರ ಕೈಯಲ್ಲಿಲ್ಲದ ಕಷ್ಟಕ್ಕೆ ನಿದರ್ಶನ ‘ಫಾರ್ಚುನೇಟ್ ಸನ್’. ಶ್ರೀಮಂತರ, ರಾಜಕಾರಣಿಗಳ ಮಕ್ಕಳು ಯುದ್ಧದಿಂದ ತಪ್ಪಿಸಿಕೊಳ್ಳುವುದರ ವಿರುದ್ಧ 1969ರಲ್ಲಿ ಸಿಡಿದ ಹಾಡು. ಈ ಶತಮಾನದ ಆರಂಭದಲ್ಲಿ ರ‍್ಯಾಂಗ್ಲರ್ ಜೀನ್ಸ್ ಜಾಹೀರಾತಿನಲ್ಲಿ ಅದರ ಮೊದಲ ಸಾಲುಗಳನ್ನಷ್ಟೇ ಬಳಸಲಾಯಿತು. ವ್ಯಂಗ್ಯದ ತಿರುವು ಬರುವ ಮೊದಲೇ ಕತ್ತರಿ, ಉಳಿದದ್ದು ಬಾವುಟದ ಹೊಗಳಿಕೆ. ಫೋಗರ್ಟಿ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡ. ತಡೆಯುವ ಹಕ್ಕು ಅವನಿಗಿರಲಿಲ್ಲ. 2020ರಲ್ಲಿ ಅದೇ ಹಾಡು ಡೊನಾಲ್ಡ್ ಟ್ರಂಪ್ ಸಭೆಯಲ್ಲಿ ಮೊಳಗಿದಾಗ ನಿಲ್ಲಿಸುವಂತೆ ನೋಟಿಸ್ ಕೊಟ್ಟ.

ಮರಳಿದ್ದು, ಮರಳದ್ದು

2004ರಲ್ಲಿ ಕಾಂಕರ್ಡ್ ಕಂಪನಿ ಫ್ಯಾಂಟಸಿಯನ್ನು ಕೊಂಡು ಫೋಗರ್ಟಿಯ ಕಲಾವಿದರ ರಾಯಲ್ಟಿಯನ್ನು ಮತ್ತೆ ಕೊಡಲು ಶುರುಮಾಡಿತು. ಝಾಂಟ್ಸ್ 2014ರಲ್ಲಿ ತೀರಿಕೊಂಡ. 2023ರ ಜನವರಿಯಲ್ಲಿ ಫೋಗರ್ಟಿ ಸಿಸಿಆರ್ ಕಾಲದ ತನ್ನ ಹಾಡುಗಳ ಜಾಗತಿಕ ಪಬ್ಲಿಷಿಂಗ್‌ನಲ್ಲಿ ಬಹುಪಾಲನ್ನು ಕಾಂಕರ್ಡ್‌ನಿಂದ ಕೊಂಡುಕೊಂಡ.

ಆ ಹೊತ್ತಿಗೆ ಕಾನೂನೂ ಒಂದು ಬಾಗಿಲು ತೆರೆಯುತ್ತಿತ್ತು. ಅಮೆರಿಕದಲ್ಲಿ 1978ಕ್ಕಿಂತ ಮೊದಲಿನ ರಚನೆಗಳ ಹಕ್ಕು ಮಾರಿದವರು 56 ವರ್ಷಗಳ ನಂತರ ಅದನ್ನು ವಾಪಸ್ ಕೇಳಬಹುದು. 1969ರ ಹಾಡಿಗೆ ಆ ವರ್ಷ 2025. ಷರತ್ತುಗಳಿವೆ: ನೋಟಿಸನ್ನು ಕನಿಷ್ಠ ಎರಡು, ಗರಿಷ್ಠ ಹತ್ತು ವರ್ಷ ಮುಂಚೆ ಕೊಡಬೇಕು, ಗಡುವು ತಪ್ಪಿಸಿಕೊಂಡು ಹಕ್ಕು ಕಳೆದುಕೊಂಡವರು ಇದ್ದಾರೆ. ಮರಳುವುದು ಅಮೆರಿಕದೊಳಗಿನ ಹಕ್ಕು ಮಾತ್ರ ಎಂಬುದೇ ಬಹುಕಾಲದ ತಿಳಿವಳಿಕೆಯಾಗಿತ್ತು. ಹಾಗೆ ನೋಡಿದರೆ ಉಳಿದ ಜಗತ್ತಿನದು ಬೇಕಾದರೆ ಕೊಳ್ಳದೆ ದಾರಿಯಿರಲಿಲ್ಲ.

ಮಾಸ್ಟರ್‌ಗಳಿಗೆ ಈ ಬಾಗಿಲೂ ಇಲ್ಲ. 1972ರ ಫೆಬ್ರವರಿ 15ಕ್ಕೆ ಮುಂಚಿನ ಧ್ವನಿಮುದ್ರಣಗಳು ಅಮೆರಿಕದ ಫೆಡರಲ್ ಹಕ್ಕುಸ್ವಾಮ್ಯದ ಒಳಗೇ ಇರಲಿಲ್ಲ, ಆದ್ದರಿಂದ ವಾಪಸ್ ಕೇಳುವ ಹಕ್ಕೂ ಹುಟ್ಟಲಿಲ್ಲ. ಸಿಸಿಆರ್‌ನ ಹೆಚ್ಚುಕಡಿಮೆ ಎಲ್ಲ ಧ್ವನಿಮುದ್ರಣ ಆ ದಿನಾಂಕದ ಹಿಂದಿನದು. ಅವಕ್ಕೆ 2067ರ ಫೆಬ್ರವರಿ 15ರವರೆಗೆ ಬೇರೆಯೇ ಬಗೆಯ ರಕ್ಷಣೆಯಿದೆ, ಅದೂ ಕಂಪನಿಗೆ. ಹಾಗಾಗಿ ಫೋಗರ್ಟಿ ಉಳಿದ ಒಂದೇ ದಾರಿ ಹಿಡಿದ. ಮಕ್ಕಳಾದ ಶೇನ್, ಟೈಲರ್ ಜೊತೆ ಸೇರಿ 20 ಹಾಡುಗಳನ್ನು ಮೊದಲಿನಂತೆಯೇ ಹೊಸದಾಗಿ ಮುದ್ರಿಸಿದ. ‘ಲೆಗಸಿ’ ಎಂಬ ಹೆಸರಿನಲ್ಲಿ 2025ರ ಆಗಸ್ಟ್‌ನಲ್ಲಿ ಹೊರಬಂತು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಹಾಡಿನ ಹೆಸರಿನ ಮುಂದೆ ‘ಜಾನ್ಸ್ ವರ್ಷನ್’ ಎಂದಿದ್ದರೆ ಅದು ಹೊಸದು, ಸಿಸಿಆರ್ ಹೆಸರಿನಲ್ಲಿದ್ದರೆ ಹಳೆಯ ಮಾಸ್ಟರ್.

ಭಾರತದಲ್ಲಿ ಅವಧಿಯ ಲೆಕ್ಕ ಬೇರೆ. ನಮ್ಮ 1957ರ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ರಚನೆಗೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ಸಾಹಿತಿ, ಸಂಗೀತಗಾರರು ಹಕ್ಕು ಮಾರಿದರೂ ಚಿತ್ರಮಂದಿರದಾಚೆಯ ಬಳಕೆಯ ರಾಯಲ್ಟಿಯಲ್ಲಿ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಕರಾರಿನಲ್ಲಿ ಬರೆದರೂ ಅದು ಊರ್ಜಿತವಲ್ಲ. ಬೇರೆಯವರ ಹಾಡನ್ನು ಶಾಸನಬದ್ಧ ಪರವಾನಗಿಯಡಿ ಮರುಮುದ್ರಿಸಲು ಇಲ್ಲಿ ಐದು ಕ್ಯಾಲೆಂಡರ್ ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಮುಂಗಡ ಕಟ್ಟಬೇಕು. ಈ ಲೆಕ್ಕದಲ್ಲಿ 1969ರ ‘ಪ್ರೌಡ್ ಮೇರಿ’ ಧ್ವನಿಮುದ್ರಣದ ಹಕ್ಕು ಇಲ್ಲಿ 2029ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆದರೆ ಆ ಮುದ್ರಣವನ್ನು ವಿಡಿಯೋಗೆ ಹಾಕಿಕೊಳ್ಳಬೇಕೆಂದರೆ ಆಮೇಲೂ ಪಬ್ಲಿಷಿಂಗ್ ಹಿಡಿದವರ ಒಪ್ಪಿಗೆ ಬೇಕೇ ಬೇಕು. 2023ರಿಂದ ಅದರಲ್ಲಿ ದೊಡ್ಡ ಪಾಲು ಬರೆದವನದೇ.